ಇಪ್ಪತ್ತು ಸಾವಿರ ದೊಡ್ಡದೋ, ನೂರು ದೊಡ್ಡದೋ? ಪವರ್ ಬ್ಯಾಂಕಿನ ಹಿಂದಿನ ಇನ್ನೂರು ವರ್ಷ

ಈ ಸಲ ಪವರ್ ಬ್ಯಾಂಕಿನ ಇತಿಹಾಸ ಅಂದಾಗ ಸ್ನೇಹಿತರೊಬ್ಬರು ನಕ್ಕುಬಿಟ್ಟರು. "ಹೊಯ್ಸಳರು, ಟಿಪ್ಪು, ಏಕೀಕರಣ ಎಲ್ಲಾ ಮುಗೀತಾ?" ಅಂದರು. ಮುಗಿದಿಲ್ಲ. ಆದರೆ ನಮ್ಮಲ್ಲಿ ಊರಿಗೆ ಹೋಗಿ ಬರುವ ಹೆಚ್ಚಿನವರ ಕೈಚೀಲದಲ್ಲಿ ಇದೊಂದು ಇದ್ದೇ ಇರುತ್ತೆ. ಅದರ ಮೇಲೆ ಬರೆದಿರೋ ಸಂಖ್ಯೆ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೊರಟರೆ ದಾರಿ 1800ರ ಇಟಲಿಗೆ ಹೋಗುತ್ತೆ, ನಡುವೆ ನಮ್ಮ ಶಿವನಸಮುದ್ರವನ್ನೂ ಹಾದು ಬರುತ್ತೆ. ನಾನು ಹುಡುಕೋಕೆ ಹೊರಟಿದ್ದು ಮಾತ್ರ ಅಮ್ಮ ಕೇಳಿದ ಒಂದು ಪ್ರಶ್ನೆಯಿಂದ.

ಕಳೆದ ಬೇಸಿಗೆಯಲ್ಲಿ ಅಮ್ಮ ಮೊದಲ ಸಲ ಒಬ್ಬಳೇ ಮ್ಯೂನಿಕ್‌ಗೆ ಬಂದಳು. ಮಳವಳ್ಳಿಯಿಂದ ಬೆಂಗಳೂರು, ಅಲ್ಲಿಂದ ನಡುವೆ ಒಂದು ಕಡೆ ವಿಮಾನ ಬದಲಿಸಿ ಇಲ್ಲಿಗೆ. ಅವಳ ಫೋನು ಹಳೆಯದು, ಅರ್ಧ ದಿನಕ್ಕೆ ಚಾರ್ಜ್ ಮುಗಿದುಹೋಗುತ್ತೆ. ಅದಕ್ಕೇ ಹಿಂದಿನ ಸಲ ಊರಿಗೆ ಹೋಗಿದ್ದಾಗ ಒಂದೇ ಥರದ ಎರಡು ಪವರ್ ಬ್ಯಾಂಕ್ ಕೊಂಡು, ಒಂದನ್ನು ಅವಳಿಗೆ ಕೊಟ್ಟು ಇನ್ನೊಂದನ್ನು ನಾನು ತಂದಿದ್ದೆ. ಮೇಲೆ ದಪ್ಪ ಅಕ್ಷರದಲ್ಲಿ 20,000 ಎಂಎಎಚ್ ಅಂತಿತ್ತು. ಅಂಗಡಿಯಲ್ಲಿದ್ದದ್ದರಲ್ಲಿ ಅದೇ ದೊಡ್ಡ ಸಂಖ್ಯೆ, ಬೆಲೆಯೂ ಕಡಿಮೆ. ಸಂಖ್ಯೆಗಳನ್ನು ಅನುಮಾನದಿಂದ ನೋಡೋದೇ ನನ್ನ ಹೊಟ್ಟೆಪಾಡು. ಆದರೂ ಅವತ್ತು ಕಣ್ಣುಮುಚ್ಚಿ ಕೊಂಡೆ.

ವಿಮಾನ ಬದಲಿಸುವ ಕಡೆ ತಪಾಸಣೆಯವರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರಂತೆ. ಏನೋ ಕೇಳಿದರಂತೆ. ಅಮ್ಮನಿಗೆ ತಿಳಿದದ್ದು "ಹಂಡ್ರೆಡ್" ಅನ್ನೋ ಒಂದೇ ಪದ. ಲೇಬಲ್ ಮೇಲೆ ಅವರಿಗೆ ಬೇಕಾದ ಸಂಖ್ಯೆ ಇರಲಿಲ್ಲ. ಪವರ್ ಬ್ಯಾಂಕು ಅಲ್ಲೇ ಉಳಿಯಿತು. ಮುಂದಿನ ವಿಮಾನ ಹತ್ತುವ ಹೊತ್ತಿಗೆ ಫೋನೂ ಆಫ್. ನನ್ನ ನಂಬರ್ ಬರೆದಿದ್ದ ಡೈರಿ ಲಗೇಜಿಗೆ ಹಾಕಿದ್ದ ಸೂಟ್‌ಕೇಸಿನೊಳಗೆ. ಇಲ್ಲಿ ನಾನು ವಿಮಾನ ಇಳಿದು ಎರಡು ಗಂಟೆಯಾದರೂ ಹೊರಗೆ ಬರದ ಅಮ್ಮನಿಗಾಗಿ ಬಾಗಿಲು ನೋಡುತ್ತಾ ನಿಂತಿದ್ದೆ. ಫೋನ್ ಮಾಡಿದಷ್ಟೂ ಸ್ವಿಚ್ ಆಫ್. ಅವಳು ಒಳಗೆ ಸೂಟ್‌ಕೇಸು ಸಿಗದೆ, ಯಾರನ್ನು ಕೇಳಬೇಕು ಅಂತ ತಿಳಿಯದೆ ಬೆಲ್ಟಿನ ಪಕ್ಕ ಕೂತಿದ್ದಳು.

ರೈಲಿನಲ್ಲಿ ಮನೆಗೆ ಬರುವಾಗ ಸುಮ್ಮನೇ ಇದ್ದವಳು ಇದ್ದಕ್ಕಿದ್ದಂತೆ ಕೇಳಿದಳು: "ಅದ್ರ ಮ್ಯಾಲೆ ಇಪ್ಪತ್ ಸಾವ್ರ ಅಂತ ಬರ್ದಿತ್ತಲ್ಲ ಮಗ. ಅವ್ರು ಬರೀ ನೂರು, ನೂರು ಅಂತಿದ್ರು. ಇಪ್ಪತ್ ಸಾವ್ರ ದೊಡ್ದೋ, ನೂರು ದೊಡ್ದೋ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಬರಹ ಆ ಉತ್ತರ.

ಶೆಲ್ಲು, ಬ್ಯಾಟ್ರಿ, ಬಿಸಿಲು

ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಮೊದಲು ಒಂದು ಮಾತು. ನಮ್ಮ ಹಳ್ಳಿಗಳಲ್ಲಿ "ಬ್ಯಾಟ್ರಿ ತಗೊಂಡ್ ಬಾ" ಅಂದರೆ ಟಾರ್ಚ್ ತಾ ಅಂತ ಅರ್ಥ. ಅದರೊಳಗೆ ಹಾಕುವುದು "ಶೆಲ್ಲು", ಅಂದರೆ ಸೆಲ್. ಶೆಲ್ಲು ಮಂಕಾದರೆ ಮಧ್ಯಾಹ್ನ ಅದನ್ನು ಜಗಲಿಯ ಮೇಲೆ ಬಿಸಿಲಿಗೆ ಇಡೋರು. ಸಂಜೆ ಅದು ಇನ್ನೊಂದಿಷ್ಟು ಹೊತ್ತು ಉರಿಯೋದು. ಮೂಢನಂಬಿಕೆ ಅಂತ ನಾನು ಅಂದುಕೊಂಡಿದ್ದೆ, ಆದರೆ ಅಲ್ಲ. ಸೆಲ್ಲಿನೊಳಗೆ ನಡೆಯುವುದು ರಾಸಾಯನಿಕ ಕ್ರಿಯೆ, ಶಾಖ ಸಿಕ್ಕರೆ ಅದು ಚುರುಕಾಗುತ್ತೆ. ಉಳಿದಿದ್ದ ಕೊನೆಯ ಒಂದಿಷ್ಟನ್ನು ಬಿಸಿಲು ಹಿಂಡಿ ತೆಗೆಯುತ್ತಿತ್ತು.

ಬ್ಯಾಟರಿ ಅನ್ನೋ ಹೆಸರೇ ಯುದ್ಧಭೂಮಿಯಿಂದ ಬಂದದ್ದು. ಸಾಲಾಗಿ ನಿಲ್ಲಿಸಿದ ಫಿರಂಗಿಗಳಿಗೆ ಬ್ಯಾಟರಿ ಅಂತಿದ್ದರು. 18ನೇ ಶತಮಾನದ ನಡುವೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ಹಿಡಿದಿಡುವ ಗಾಜಿನ ಜಾಡಿಗಳನ್ನು ಒಟ್ಟಿಗೆ ಜೋಡಿಸಿ ಅದಕ್ಕೆ ಆ ಹೆಸರಿಟ್ಟ. ಆದರೆ ಆ ಜಾಡಿಗಳು ಒಂದೇ ಏಟಿಗೆ ಖಾಲಿಯಾಗುತ್ತಿದ್ದವು. ಒಂದೇ ಸಮ ಹರಿಯುವ ಕರೆಂಟು ಸಿಕ್ಕಿದ್ದು 1800ರಲ್ಲಿ. ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ ಎರಡು ಬೇರೆ ಬೇರೆ ಲೋಹಗಳ ಬಿಲ್ಲೆಗಳನ್ನು, ನಡುವೆ ಉಪ್ಪುನೀರಲ್ಲಿ ನೆನೆಸಿದ ತುಂಡುಗಳನ್ನಿಟ್ಟು, ಒಂದರ ಮೇಲೊಂದು ಪೇರಿಸಿದ. ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಅದೇ ವರ್ಷ ಮಾರ್ಚಿನಲ್ಲಿ ಪತ್ರ ಬರೆದು ತಿಳಿಸಿದ. ಇವತ್ತು ನಾವು ಹೇಳುವ "ವೋಲ್ಟ್" ಅವನ ಹೆಸರೇ.

ವೋಲ್ಟಾನ ಬ್ಯಾಟರಿ ಮುಗಿದರೆ ಮುಗಿದ ಹಾಗೇ. ಮತ್ತೆ ತುಂಬಿಸಬಹುದಾದ್ದನ್ನು ಮಾಡಿದವನು ಫ್ರಾನ್ಸಿನ ಗಾಸ್ತೋ ಪ್ಲಾಂತೆ, 1859ರಲ್ಲಿ. ಸೀಸದ ಹಾಳೆಗಳು, ಗಂಧಕಾಮ್ಲ. ಊರಲ್ಲಿ ನಿಮ್ಮ ಮನೆಯ ಯುಪಿಎಸ್‌ಗೆ ಹಾಕಿರುವ ದೊಡ್ಡ ಬ್ಯಾಟರಿ ಇದರದೇ ಮೊಮ್ಮಗ. ಟಾರ್ಚಿನ ಶೆಲ್ಲಿನ ವಂಶ ಬೇರೆ. 1866ರಲ್ಲಿ ಜಾರ್ಜ್ ಲೆಕ್ಲಾಂಶೆ ಅದರ ರಸಾಯನ ಕಂಡುಹಿಡಿದ. 1886ರಲ್ಲಿ ಜರ್ಮನಿಯ ಕಾರ್ಲ್ ಗ್ಯಾಸ್ನರ್ ಒಳಗಿನ ದ್ರವವನ್ನು ಗಟ್ಟಿ ಅಂಟಿನಂತೆ ಮಾಡಿ ಪೇಟೆಂಟ್ ಪಡೆದ. ಓರೆ ಮಾಡಿದರೂ ಚೆಲ್ಲದ ಸೆಲ್ ಅದು. ಬ್ಯಾಟರಿಯನ್ನು ಜೇಬಿಗೆ ಹಾಕಿಕೊಂಡು ಓಡಾಡಬಹುದು ಅಂತಾದದ್ದು ಅಲ್ಲಿಂದ.

ಈ ಸಂಖ್ಯೆ ಎಲ್ಲಿಂದ ಬಂತು

1881ರಲ್ಲಿ ಪ್ಯಾರಿಸ್‌ನಲ್ಲಿ ವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ಸೇರಿ ವೋಲ್ಟ್, ಆಂಪಿಯರ್, ಓಮ್ ಮುಂತಾದ ಅಳತೆಗಳನ್ನು ಒಪ್ಪಿಕೊಂಡಿತು. ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್. ಸೀಸದ ಬ್ಯಾಟರಿಗಳ ಲೋಕದಲ್ಲಿ ಈ ಅಳತೆ ಬೇರೂರಿತು, ಅದಕ್ಕೆ ಕಾರಣವೂ ಇತ್ತು. ಸೀಸದ ಒಂದು ಸೆಲ್ ಯಾರು ಮಾಡಿದರೂ ಸುಮಾರು 2 ವೋಲ್ಟ್. ಆರು ಸೇರಿಸಿದರೆ 12 ವೋಲ್ಟಿನ ಒಂದು ಬ್ಯಾಟರಿ. ಎಲ್ಲರದೂ 12 ವೋಲ್ಟ್ ಅಂದಮೇಲೆ ಆಂಪಿಯರ್-ಅವರ್ ಒಂದನ್ನೇ ಹೋಲಿಸಿದರೆ ಸಾಕು. 150ರದು 100ರದಕ್ಕಿಂತ ದೊಡ್ಡದು, ಮಾತು ಮುಗೀತು. ಯುಪಿಎಸ್ ಅಂಗಡಿಯವರು ಇವತ್ತಿಗೂ "ನೂರೈವತ್ತು ಎಎಚ್ ಹಾಕಿಸ್ಕೊಳ್ಳಿ ಸಾರ್" ಅನ್ನುವುದು ಈ ಲೆಕ್ಕದಿಂದಲೇ.

ಸಣ್ಣ ಉಪಕರಣಗಳು ಬಂದಾಗ ಈ ಅಳತೆಯ ಹಿಂದೆ "ಮಿಲಿ" ಸೇರಿತು. ಆಂಪಿಯರಿನ ಸಾವಿರದ ಒಂದು ಭಾಗ. 2000ರಲ್ಲಿ ಬಂದ ನೋಕಿಯಾ 3310 ಫೋನಿನ ಬ್ಯಾಟರಿ 900 ಮಿಲಿಆಂಪಿಯರ್-ಅವರ್. 0.9 ಅನ್ನುವುದಕ್ಕಿಂತ 900 ಅನ್ನುವುದು ಸಲೀಸು, ಅಲ್ಲಿಗೆ ಸರಿ. ಆದರೆ ಪವರ್ ಬ್ಯಾಂಕಿನ ಮೇಲಿನ 20,000 ಅಂದರೆ ಬರೀ 20 ಆಂಪಿಯರ್-ಅವರ್. ಮನೆಯ ಯುಪಿಎಸ್ ಬ್ಯಾಟರಿ ಹಾಗೆ ಬರೆದರೆ 1,50,000. ಒಂದು ಕಡೆ ಮಿಲಿ ಹಾಕಿ ಇನ್ನೊಂದು ಕಡೆ ಹಾಕದೇ ಇದ್ದದ್ದರಿಂದ ಅಂಗೈಯಲ್ಲಿ ಹಿಡಿಯುವ ವಸ್ತು ಮೂಲೆಯಲ್ಲಿ ಕೂತ ಆ ದೊಡ್ಡ ಬ್ಯಾಟರಿಗಿಂತ ದೊಡ್ಡದಾಗಿ ಕಾಣುತ್ತೆ.

ಇಷ್ಟಾದರೂ ಪೂರ್ತಿ ಉತ್ತರ ಸಿಗಲಿಲ್ಲ. ಯಾಕೆಂದರೆ ಆಂಪಿಯರ್-ಅವರ್ ಶಕ್ತಿಯ ಅಳತೆಯೇ ಅಲ್ಲ. ಇದನ್ನು ಅಮ್ಮನಿಗೆ ಹೇಳೋದು ಹೇಗೆ ಅಂತ ಯೋಚಿಸುವಾಗ ನಮ್ಮ ತಾಲ್ಲೂಕಿನ ಶಿವನಸಮುದ್ರ ನೆನಪಾಯ್ತು.

ನೀರು ಎಷ್ಟು, ಎತ್ತರ ಎಷ್ಟು

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿಂದ ಕರೆಂಟು ತಯಾರಾಗಿ, ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯಲ್ಲಿ ಹರಿಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ದಿವಾನ್ ಶೇಷಾದ್ರಿ ಅಯ್ಯರ್ ಇದಕ್ಕಾಗಿ ದುಡಿದರು, ಆದರೆ ಕರೆಂಟು ಹರಿಯೋದನ್ನು ನೋಡುವ ಮೊದಲೇ, 1901ರಲ್ಲಿ ತೀರಿಕೊಂಡರು. ಯೋಜನೆಯ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದೂ ಇಲ್ಲಿಂದಲೇ.

ಅಲ್ಲಿ ಕರೆಂಟು ಹುಟ್ಟೋದು ನೀರಿನಿಂದ ಮಾತ್ರ ಅಲ್ಲ, ನೀರು ಬೀಳುವ ಎತ್ತರದಿಂದ ಕೂಡ. ಅದೇ ಕಾವೇರಿ ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಮಂಡಿಯುದ್ದಕ್ಕೆ ಮೆಲ್ಲಗೆ ಹರಿಯುವಾಗ ಯಂತ್ರ ತಿರುಗಿಸಲಾರದು. ನೂರಾರು ಅಡಿ ಕೆಳಗೆ ಧುಮುಕಿದಾಗ ಗಣಿಯನ್ನೇ ನಡೆಸುತ್ತೆ. ಶಕ್ತಿ ಎಷ್ಟು ಅಂತ ತಿಳಿಯಬೇಕಾದರೆ ನೀರಿನ ಪ್ರಮಾಣವನ್ನು ಎತ್ತರದಿಂದ ಗುಣಿಸಬೇಕು.

ಬ್ಯಾಟರಿಯಲ್ಲೂ ಅದೇ ಲೆಕ್ಕ. ಆಂಪಿಯರ್-ಅವರ್ ಅಂದರೆ ನೀರು ಎಷ್ಟು ಅಂತ. ವೋಲ್ಟ್ ಅಂದರೆ ಎಷ್ಟು ಎತ್ತರದಿಂದ ಅಂತ. ಎರಡನ್ನೂ ಗುಣಿಸಿದರೆ ಬರೋದು ವ್ಯಾಟ್-ಅವರ್, ಅದು ನಿಜವಾದ ಶಕ್ತಿ. ಮನೆಯ ಯುಪಿಎಸ್: 150 ಆಂಪಿಯರ್-ಅವರ್, 12 ವೋಲ್ಟ್, ಒಟ್ಟು 1,800 ವ್ಯಾಟ್-ಅವರ್. ಪವರ್ ಬ್ಯಾಂಕ್: 20 ಆಂಪಿಯರ್-ಅವರ್, 3.7 ವೋಲ್ಟ್, ಒಟ್ಟು 74 ವ್ಯಾಟ್-ಅವರ್. ಅಂದರೆ ಇಪ್ಪತ್ತು ಸಾವಿರ ಅಂತ ಬರೆದುಕೊಂಡಿರೋದು ನೂರೈವತ್ತು ಅಂತ ಬರೆದುಕೊಂಡಿರೋದರ ಇಪ್ಪತ್ತನಾಲ್ಕನೇ ಒಂದು ಭಾಗ.

ತಪಾಸಣೆಯವರು ಹೇಳುತ್ತಿದ್ದ ನೂರು ಈ ವ್ಯಾಟ್-ಅವರ್. ಅಮ್ಮನ ಕೈಲಿದ್ದದ್ದು, ಲೇಬಲ್ ನಿಜವೇ ಆಗಿದ್ದರೆ, 74. ನೂರೇ ದೊಡ್ಡದು. ಆ ಎರಡಂಕಿ ಅದರ ಮೇಲೆ ಅಚ್ಚಾಗಿದ್ದಿದ್ದರೆ ಅವಳು ಆ ಪ್ರಶ್ನೆ ದಾಟಿ ಬರುತ್ತಿದ್ದಳು.

3.7 ವೋಲ್ಟ್ ಮತ್ತು ಅಗ್ನಿಶಾಮಕ ದಳ

ಈ 3.7 ಎಲ್ಲಿಂದ ಬಂತು? ಟಾರ್ಚಿನ ಶೆಲ್ಲು 1.5 ವೋಲ್ಟ್. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಮಾಡಿದ ನಿಕಲ್-ಕ್ಯಾಡ್ಮಿಯಂ ಸೆಲ್ 1.2 ವೋಲ್ಟ್. ಇವುಗಳಿಂದ ತೆಳ್ಳಗಿನ ಫೋನು ಆಗೋದಿಲ್ಲ. ಇನ್ನೂ ಎತ್ತರದ ಜಲಪಾತ ಬೇಕಿತ್ತು. ಲಿಥಿಯಂ ಎಲ್ಲಕ್ಕಿಂತ ಹಗುರವಾದ ಲೋಹ, ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಡೋಕೆ ಸದಾ ತುದಿಗಾಲಲ್ಲಿ ನಿಂತಿರುತ್ತೆ. ಅದರ ಗುಣವೂ ಅದೇ, ದೋಷವೂ ಅದೇ.

1970ರ ದಶಕದ ತೈಲ ಬಿಕ್ಕಟ್ಟಿನ ಹೊತ್ತಿನಲ್ಲಿ ಎಕ್ಸಾನ್ ಎಂಬ ಪೆಟ್ರೋಲ್ ಕಂಪನಿಯೇ ಪೆಟ್ರೋಲ್ ಇಲ್ಲದ ನಾಳೆಗಾಗಿ ಬ್ಯಾಟರಿ ಸಂಶೋಧನೆಗೆ ಹಣ ಹಾಕಿತು. ಅಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಲಿಥಿಯಂ ಲೋಹವನ್ನೇ ಬಳಸಿ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೆಲ್ ಮಾಡಿದರು. ಎರಡು ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಆದರೆ ಪ್ರತಿ ಸಲ ಚಾರ್ಜ್ ಮಾಡಿದಾಗಲೂ ಲಿಥಿಯಂ ಸಮವಾಗಿ ಕೂರದೆ ಮುಳ್ಳಿನಂತೆ ಬೆಳೆಯುತ್ತಿತ್ತು. ಮುಳ್ಳು ಆಚೆ ಬದಿಗೆ ತಾಗಿದರೆ ಶಾರ್ಟ್, ಆಮೇಲೆ ಬೆಂಕಿ. ಪ್ರಯೋಗಾಲಯಕ್ಕೆ ಅಗ್ನಿಶಾಮಕ ದಳ ಎಷ್ಟು ಸಲ ಬರಬೇಕಾಯಿತೆಂದರೆ, ಲಿಥಿಯಂ ಬೆಂಕಿ ಆರಿಸುವ ವಿಶೇಷ ರಾಸಾಯನಿಕದ ಖರ್ಚನ್ನು ನೀವೇ ಕೊಡಬೇಕಾಗುತ್ತೆ ಅಂತ ಅವರು ಎಚ್ಚರಿಸಿದರಂತೆ.

1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಬಳಸಿ ವೋಲ್ಟೇಜನ್ನು ನಾಲ್ಕರ ಹತ್ತಿರಕ್ಕೆ ಏರಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೋ ಇನ್ನೊಂದು ಬದಿಯಿಂದ ಲಿಥಿಯಂ ಲೋಹವನ್ನೇ ತೆಗೆದುಹಾಕಿದರು. ಅದರ ಜಾಗಕ್ಕೆ ಪೆಟ್ರೋಲಿಯಂ ಕೋಕ್ ಎಂಬ ಇಂಗಾಲದ ಪದಾರ್ಥ ತಂದರು. ಲಿಥಿಯಂ ಅಯಾನುಗಳು ಅದರ ಪದರಗಳೊಳಗೆ ಹೋಗಿ ಕೂರುತ್ತವೆ, ಮತ್ತೆ ಹೊರಗೆ ಬರುತ್ತವೆ. ಇದು ಸುರಕ್ಷಿತವೇ ಅಂತ ತಿಳಿಯಲು ಯೋಶಿನೋ ಸ್ಫೋಟಕ ಪರೀಕ್ಷಿಸುವ ಜಾಗಕ್ಕೆ ಹೋಗಿ ಬ್ಯಾಟರಿಯ ಮೇಲೆ ಕಬ್ಬಿಣದ ದೊಡ್ಡ ತುಂಡು ಬೀಳಿಸಿದರು. ಏನೂ ಆಗಲಿಲ್ಲ. ಲಿಥಿಯಂ ಲೋಹ ಇದ್ದ ಬ್ಯಾಟರಿಯ ಮೇಲೆ ಬೀಳಿಸಿದಾಗ ಅದು ಸಿಡಿಯಿತು. 1991ರಲ್ಲಿ ಸೋನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಈ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂದಾಗ ಗುಡ್‌ಇನಫ್ ಅವರಿಗೆ 97 ವರ್ಷ. ಅಷ್ಟು ವಯಸ್ಸಲ್ಲಿ ನೊಬೆಲ್ ಪಡೆದವರು ಬೇರೆ ಯಾರೂ ಇಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದು. ಈ ಬ್ಯಾಟರಿಯ ಇತಿಹಾಸ ಮೊದಲಿಂದಲೂ ಬೆಂಕಿಯ ಜೊತೆ ನಡೆಸಿದ ಮಾತುಕತೆ. ವೋಲ್ಟೇಜ್ ಏರಿಸಿದಷ್ಟೂ ಪಳಗಿಸುವ ಕೆಲಸವೂ ಏರಿತು. ಚೆನ್ನಾಗಿ ಮಾಡಿದ ಪವರ್ ಬ್ಯಾಂಕಿನೊಳಗೆ ಹೆಚ್ಚು ತುಂಬದಂತೆ, ಹೆಚ್ಚು ಖಾಲಿಯಾಗದಂತೆ, ಶಾರ್ಟ್ ಆದರೆ ತಕ್ಷಣ ಕಡಿಯುವಂತೆ ಕಾವಲು ಕಾಯುವ ಒಂದು ಸರ್ಕ್ಯೂಟ್ ಇರುತ್ತೆ. ಅಗ್ಗದ್ದರಲ್ಲಿ ಮೊದಲು ಕತ್ತರಿ ಬೀಳೋದು ಸೆಲ್ಲಿನ ಗುಣಮಟ್ಟಕ್ಕೆ, ಆಮೇಲೆ ಈ ಕಾವಲಿಗೆ.

ಅಂದಹಾಗೆ, ಶಿವನಸಮುದ್ರದ ವಿದ್ಯುದಾಗಾರ ಇರುವ ಮಂಡ್ಯ ಜಿಲ್ಲೆಯಲ್ಲೇ, ಅಲ್ಲಾಪಟ್ಟಣದ ಸುತ್ತ, ಸುಮಾರು 1,600 ಟನ್ ಲಿಥಿಯಂ ಇರಬಹುದು ಅಂತ ಪರಮಾಣು ಖನಿಜ ನಿರ್ದೇಶನಾಲಯ ಪ್ರಾಥಮಿಕ ಅಂದಾಜು ಮಾಡಿದೆ. ಸುದ್ದಿ ಬಂದಾಗ ಊರಿನ ವಾಟ್ಸಾಪ್ ಗುಂಪಲ್ಲಿ ನಾವೆಲ್ಲ ಅರಬ್ಬರಾಗಿಬಿಟ್ಟೆವು ಅಂತ ಜೋಕು ಹರಿದಾಡಿತು. ಅದೇನೂ ದೊಡ್ಡ ನಿಕ್ಷೇಪವಲ್ಲ.

ಲ್ಯಾಪ್‌ಟಾಪಿನ ಸೆಲ್ ಜೇಬಿಗೆ ಬಂದದ್ದು

ನೋಕಿಯಾ ಕಾಲದಲ್ಲಿ ಚಾರ್ಜ್ ಮುಗಿದರೆ ಹಿಂದಿನ ಮುಚ್ಚಳ ತೆಗೆದು ಇನ್ನೊಂದು ಬ್ಯಾಟರಿ ಹಾಕಬಹುದಿತ್ತು. 2007ರಲ್ಲಿ ಬಂದ ಐಫೋನಿನಲ್ಲಿ ಬ್ಯಾಟರಿ ಒಳಗೇ ಮುಚ್ಚಿಹೋಯಿತು. ನಿಧಾನವಾಗಿ ಉಳಿದ ಫೋನುಗಳೂ ಅದೇ ದಾರಿ ಹಿಡಿದವು. ಬ್ಯಾಟರಿಯನ್ನು ಬದಲಿಸೋಕೆ ಆಗೋದಿಲ್ಲ ಅಂದಮೇಲೆ ಹೊರಗಿಂದ ತುಂಬಿಸುವ ಇನ್ನೊಂದು ಬ್ಯಾಟರಿ ಬೇಕಾಯಿತು. ಒಂದು ರೀತಿಯಲ್ಲಿ ಪವರ್ ಬ್ಯಾಂಕ್ ಹುಟ್ಟಿದ್ದು ಆ ಮುಚ್ಚಳ ಹೋದದ್ದರಿಂದ. ಯುರೋಪಿನ ಹೊಸ ಬ್ಯಾಟರಿ ಕಾನೂನು 2027ರ ಫೆಬ್ರವರಿಯಿಂದ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ಬದಲಿಸುವಂತಿರಬೇಕು ಅನ್ನುತ್ತೆ, ಕೆಲವು ವಿನಾಯಿತಿಗಳೊಂದಿಗೆ. ಚಕ್ರ ಸ್ವಲ್ಪ ಹಿಂದಕ್ಕೆ ತಿರುಗಬಹುದು.

ಒಳಗಿನ ಸೆಲ್ ಬಂದದ್ದು ಲ್ಯಾಪ್‌ಟಾಪ್‌ಗಳಿಂದ. ಅದರ ಹೆಸರು 18650. ಅಡ್ಡಗಲ 18 ಮಿಲಿಮೀಟರ್, ಉದ್ದ 65. ಶೆಲ್ಲಿನ ಹಾಗೇ ಕಾಣುತ್ತೆ. ಲ್ಯಾಪ್‌ಟಾಪ್‌ಗಳು ತೆಳ್ಳಗಾಗುತ್ತಾ ಚಪ್ಪಟೆ ಸೆಲ್‌ಗಳಿಗೆ ಹೋದಂತೆ ಈ ದುಂಡು ಸೆಲ್‌ಗಳಿಗೆ ಹೊಸ ಮನೆ ಬೇಕಿತ್ತು. 2013ರ ಡಿಸೆಂಬರಿನಲ್ಲಿ ಚೀನಾದ ಶಿಯೋಮಿ ಬರೀ 69 ಯುವಾನ್‌ಗೆ 10,400 ಎಂಎಎಚ್ ಪವರ್ ಬ್ಯಾಂಕ್ ತಂದಿತು. ಯಾಕೆ 10,400 ಅನ್ನೋ ವಿಚಿತ್ರ ಸಂಖ್ಯೆ? ಒಳಗೆ 2,600ರ ನಾಲ್ಕು ಸೆಲ್. 2016ರ ಜುಲೈನಲ್ಲಿ ಪೋಕೆಮಾನ್ ಗೋ ಆಟ ಬಂದಾಗ ಮಕ್ಕಳು ದೊಡ್ಡವರು ಎಲ್ಲರೂ ಇದನ್ನು ಹಿಡಿದುಕೊಂಡು ಬೀದಿ ಸುತ್ತಿದರು.

ಹೊರಗೆ ಬರುವ ದಾರಿ ಮಾತ್ರ ಬೇರೆ ಇತಿಹಾಸದ್ದು. 1996ರ ಯುಎಸ್‌ಬಿ ಕಂಪ್ಯೂಟರಿಗೆ ಮೌಸ್, ಪ್ರಿಂಟರ್ ಜೋಡಿಸೋಕೆ ಮಾಡಿದ ತೂತು. ಅದು ಕೊಡುವುದು 5 ವೋಲ್ಟ್. ಸೆಲ್ ಒಳಗಿರೋದು 3.7. ಹಾಗಾಗಿ ಪವರ್ ಬ್ಯಾಂಕ್ ಮೊದಲು ವೋಲ್ಟೇಜ್ ಏರಿಸಬೇಕು. ಫೋನು ಅದನ್ನು ಮತ್ತೆ ಇಳಿಸಿ ತನ್ನ ಬ್ಯಾಟರಿಗೆ ತುಂಬಬೇಕು. ಏರಿಸುವಾಗ ಸ್ವಲ್ಪ, ಇಳಿಸುವಾಗ ಸ್ವಲ್ಪ ಶಾಖವಾಗಿ ಸೋರುತ್ತೆ. ಟ್ಯಾಬ್ಲೆಟ್‌ಗಳಿಗೆ, ಲ್ಯಾಪ್‌ಟಾಪ್‌ಗಳಿಗೆ 5 ವೋಲ್ಟ್ ಸಾಲದು. ಸಾಮಾನ್ಯ ಯುಎಸ್‌ಬಿ-ಸಿ ಕೇಬಲ್ಲಿನಲ್ಲಿ 3 ಆಂಪಿಯರಿಗಿಂತ ಹೆಚ್ಚು ಹರಿಸುವಂತಿಲ್ಲ, ಹಾಗಾಗಿ ವೋಲ್ಟೇಜನ್ನೇ 9ಕ್ಕೆ, 15ಕ್ಕೆ, 20ಕ್ಕೆ ಏರಿಸುತ್ತಾರೆ. ಶಿವನಸಮುದ್ರದಿಂದ ಕೋಲಾರಕ್ಕೆ ಸಾವಿರಾರು ವೋಲ್ಟಿನಲ್ಲಿ ಕರೆಂಟು ಕಳಿಸಿದ್ದೂ ಇದೇ ಉಪಾಯದಿಂದ. ವೋಲ್ಟೇಜ್ ಹೆಚ್ಚಿದ್ದರೆ ತಂತಿಯಲ್ಲಿ ಹರಿಯಬೇಕಾದ ಕರೆಂಟು ಕಡಿಮೆ, ಸೋರಿಕೆಯೂ ಕಡಿಮೆ.

ಅಡುಗೆಮನೆ ಮೇಜಿನ ಮೇಲೆ

ಈಗ ಲೆಕ್ಕ ಹಾಕೋಣ. 20,000ರ ಪವರ್ ಬ್ಯಾಂಕಿನಿಂದ 5,000ದ ಫೋನನ್ನು ನಾಲ್ಕು ಸಲ ತುಂಬಿಸಬಹುದು ಅಂತ ಯಾರಿಗಾದರೂ ಅನ್ನಿಸುತ್ತೆ. ಒಳಗಿರೋದು 74 ವ್ಯಾಟ್-ಅವರ್. ನೂರಕ್ಕೆ 85ರಷ್ಟು ಹೊರಬಂದರೆ ಸುಮಾರು 63. ಫೋನಿನೊಳಗೆ ಇನ್ನೊಂದಿಷ್ಟು ಸೋರಿ 55ರ ಆಸುಪಾಸು ಉಳಿಯುತ್ತೆ. 5,000 ಎಂಎಎಚ್ ಫೋನಿನ ಬ್ಯಾಟರಿ ಸುಮಾರು 19 ವ್ಯಾಟ್-ಅವರ್. ಅಂದರೆ ಮೂರು ಸಲಕ್ಕೆ ಸ್ವಲ್ಪ ಕಡಿಮೆ. ಟ್ಯಾಬ್ಲೆಟ್ ಬ್ಯಾಟರಿಗಳು ಹೆಚ್ಚಾಗಿ 28ರಿಂದ 40 ವ್ಯಾಟ್-ಅವರ್ ಇರುತ್ತವೆ. ಚಿಕ್ಕದಕ್ಕೆ ಹೆಚ್ಚುಕಡಿಮೆ ಎರಡು ಸಲ, ದೊಡ್ಡದಕ್ಕೆ ಒಂದೂವರೆಗಿಂತ ಕಡಿಮೆ. ಇದು ಮೋಸವಲ್ಲ, ಭೌತಶಾಸ್ತ್ರ. ಪ್ರಾಮಾಣಿಕ ತಯಾರಕರು ಲೇಬಲ್ಲಿನ ಸಣ್ಣ ಅಕ್ಷರಗಳಲ್ಲಿ 5 ವೋಲ್ಟಿನಲ್ಲಿ ಕೈಗೆ ಸಿಗುವ ಸಾಮರ್ಥ್ಯವನ್ನೂ ಬರೆದಿರುತ್ತಾರೆ. 20,000ದ್ದರಲ್ಲಿ ಅದು 12,000 ಚಿಲ್ಲರೆ ಇದ್ದರೆ ಗಾಬರಿ ಬೇಡ.

ಮೋಸ ಹೇಗಿರುತ್ತೆ ಅಂತ ಆಮೇಲೆ ನೋಡಿದೆ. ಅಮ್ಮನದರ ಜೋಡಿ ನನ್ನ ಹತ್ತಿರ ಇತ್ತಲ್ಲ, ಅದಕ್ಕೆ ಒಂದು ಯುಎಸ್‌ಬಿ ಮೀಟರ್ ಸಿಕ್ಕಿಸಿ, ಒಂದೇ ಸಮನಾದ ಲೋಡ್ ಕೊಟ್ಟು, ಅದಾಗೇ ಆಫ್ ಆಗುವವರೆಗೂ ಅಳೆದೆ. ಒಂದೇ ಅಳತೆಯನ್ನು ನಂಬೋದು ನನ್ನ ಕೆಲಸದಲ್ಲಿ ತಪ್ಪು, ಹಾಗಾಗಿ ಮೂರು ರಾತ್ರಿ ಮಾಡಿದೆ. ಮೂರರಲ್ಲೂ 29 ವ್ಯಾಟ್-ಅವರ್ ಆಸುಪಾಸು. 63 ಬರಬೇಕಿದ್ದ ಕಡೆ 29. ಅಂದರೆ ಒಳಗಿರೋದು ಇಪ್ಪತ್ತು ಸಾವಿರ ಅಲ್ಲ, ಒಂಬತ್ತು ಸಾವಿರ ಚಿಲ್ಲರೆ. ನಾಲ್ಕು ದೀಪಗಳು ಮಾತ್ರ ಬಹಳ ಹೊತ್ತು ಠೀವಿಯಿಂದ ಉರಿಯುತ್ತಿದ್ದವು. ಲಿಥಿಯಂ ಸೆಲ್ಲಿನ ವೋಲ್ಟೇಜ್ ಬಹುಪಾಲು ಹೊತ್ತು ಸಪಾಟಾಗಿದ್ದು ಕೊನೆಗೆ ದಿಢೀರ್ ಅಂತ ಕುಸಿಯುತ್ತೆ. ಬರೀ ವೋಲ್ಟೇಜ್ ನೋಡಿ ದೀಪ ಹಚ್ಚುವ ಅಗ್ಗದ ಸರ್ಕ್ಯೂಟ್‌ಗೆ ಇದು ತಿಳಿಯೋದಿಲ್ಲ.

ಮೀಟರ್ ಇಲ್ಲದವರಿಗೆ ಅಡುಗೆಮನೆಯ ತಕ್ಕಡಿ ಸಾಕು. ಇವತ್ತಿನ ಒಳ್ಳೆಯ ಸೆಲ್ ಒಂದು ಕಿಲೋಗೆ ಸುಮಾರು 250 ವ್ಯಾಟ್-ಅವರ್ ಹಿಡಿಯುತ್ತೆ. 74 ಬೇಕಾದರೆ ಸೆಲ್‌ಗಳೇ ಸುಮಾರು 300 ಗ್ರಾಂ ತೂಗಬೇಕು, ಮೇಲೆ ಕವಚ, ಸರ್ಕ್ಯೂಟ್. ನನ್ನದು ಎಲ್ಲಾ ಸೇರಿ 215 ಗ್ರಾಂ ತೂಗಿತು. ಕೊಳ್ಳುವ ದಿನವೇ ಕೈಯಲ್ಲಿ ಹಿಡಿದು ತೂಗಿದ್ದರೆ ತಿಳಿಯುತ್ತಿತ್ತು.

ನೂರು ಎಲ್ಲಿಂದ ಬಂತು

ವಿಮಾನದವರ ನೂರಕ್ಕೂ ಒಂದು ಹಿನ್ನೆಲೆ ಇದೆ. ಹಳೆಯ ಸಾಗಣೆ ನಿಯಮಗಳು ಬ್ಯಾಟರಿಯನ್ನು ಅದರಲ್ಲಿರುವ ಲಿಥಿಯಂ ತೂಕಕ್ಕೆ ಪರಿವರ್ತಿಸಿ ಅಳೆಯುತ್ತಿದ್ದವು, ಮಿತಿ 8 ಗ್ರಾಂ. ಆ ಲೆಕ್ಕದ 8 ಗ್ರಾಂ ಅಂದರೆ ಸುಮಾರು 100 ವ್ಯಾಟ್-ಅವರ್. ಆಮೇಲೆ ಅಳತೆ ವ್ಯಾಟ್-ಅವರಿಗೆ ಬದಲಾಯಿತು. 2009ರಿಂದ ತಯಾರಾದ ಲಿಥಿಯಂ-ಅಯಾನ್ ಬ್ಯಾಟರಿಗಳ ಮೇಲೆ ಅದನ್ನು ಅಚ್ಚು ಹಾಕಬೇಕೆಂಬ ನಿಯಮವೂ ಬಂತು. 100ರವರೆಗೆ ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಲಗೇಜಿಗೆ ಹಾಕುವ ಸೂಟ್‌ಕೇಸಿನಲ್ಲಿ ಪವರ್ ಬ್ಯಾಂಕ್ ಇಡಲೇಬಾರದು, ಯಾಕೆಂದರೆ ಕೆಳಗೆ ಹೊತ್ತಿಕೊಂಡರೆ ಕೈಗೆ ಸಿಗೋದಿಲ್ಲ. ಅಂಗಡಿಗಳಲ್ಲಿ 26,800 ಅನ್ನೋ ವಿಚಿತ್ರ ಸಂಖ್ಯೆಯ ಪವರ್ ಬ್ಯಾಂಕ್ ನೋಡಿರಬಹುದು. 26.8ನ್ನು 3.7ರಿಂದ ಗುಣಿಸಿ ನೋಡಿ: 99.16. ನೂರರ ಗೆರೆ ಮುಟ್ಟದೆ ನಿಲ್ಲಿಸಿದ್ದಾರೆ.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್‌ಹೇ ನಿಲ್ದಾಣದಲ್ಲಿ ಹಾರಲು ಸಿದ್ಧವಾಗಿದ್ದ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿತ್ತು. ಒಳಗಿದ್ದ 176 ಜನರೂ ಪಾರಾದರು. ತಲೆಯ ಮೇಲಿನ ಗೂಡಿನಲ್ಲಿದ್ದ ಪವರ್ ಬ್ಯಾಂಕ್ ಕಾರಣವಿರಬಹುದು ಅಂತ ಪ್ರಾಥಮಿಕ ತನಿಖೆ ಹೇಳಿತು. ಅಲ್ಲಿಂದ ನಿಯಮಗಳು ಬಿಗಿಯಾದವು. ಆ ವರ್ಷದ ಮಾರ್ಚಿನಿಂದ ಕೊರಿಯಾದ ವಿಮಾನಗಳಲ್ಲಿ ಅದನ್ನು ಮೇಲಿನ ಗೂಡಿನಲ್ಲಿ ಇಡುವಂತಿಲ್ಲ. ಏಪ್ರಿಲಿನಿಂದ ಸಿಂಗಾಪುರ್ ಏರ್‌ಲೈನ್ಸ್‌ನಲ್ಲಿ ಬಳಸುವಂತಿಲ್ಲ. ಜೂನ್ 28ರಿಂದ ಚೀನಾದ ಒಳನಾಡಿನ ವಿಮಾನಗಳಲ್ಲಿ ಅಲ್ಲಿನ 3ಸಿ ಮುದ್ರೆ ಇಲ್ಲದ್ದನ್ನು ತರುವಂತಿಲ್ಲ. ಅಕ್ಟೋಬರಿನಿಂದ ಎಮಿರೇಟ್ಸ್‌ನಲ್ಲಿ ಒಬ್ಬರಿಗೆ ಒಂದೇ, ಅದೂ 100ಕ್ಕಿಂತ ಕಡಿಮೆ, ಲೇಬಲ್ಲಿನಲ್ಲಿ ಸಾಮರ್ಥ್ಯ ಬರೆದಿರಬೇಕು, ಹಾರಾಟದಲ್ಲಿ ಬಳಸುವಂತಿಲ್ಲ. ಬೆಂಗಳೂರಿಗೆ ದುಬೈ ಮೇಲೆ ಹೋಗುವವರು ನಮ್ಮಲ್ಲಿ ಬಹಳ ಜನ. ಟಿಕೆಟ್ ತೆಗೆದ ಮೇಲೆ ಆ ಕಂಪನಿಯ ಅವತ್ತಿನ ನಿಯಮ ಒಂದು ಸಲ ಓದಿ, ಇವು ಬೇಗ ಬೇಗ ಬದಲಾಗುತ್ತಿವೆ.

ಇಷ್ಟೆಲ್ಲ ತಿಳಿದ ಮೇಲೆ ನಾನು ಪವರ್ ಬ್ಯಾಂಕ್ ಕೊಳ್ಳುವಾಗ ನೋಡೋದು ಹೀಗೆ. ದಪ್ಪ ಅಕ್ಷರ ಬಿಟ್ಟು ಸಣ್ಣ ಅಕ್ಷರದಲ್ಲಿ ವ್ಯಾಟ್-ಅವರ್ ಇದೆಯಾ ಅಂತ ಹುಡುಕುತ್ತೀನಿ. ಅದು ಎಂಎಎಚ್‌ಗೆ ತಾಳೆ ಆಗುತ್ತಾ ಅಂತ ಮನಸ್ಸಲ್ಲೇ 3.7ರಿಂದ ಗುಣಿಸುತ್ತೀನಿ. ತೂಕ ನೋಡುತ್ತೀನಿ. ಟ್ಯಾಬ್ಲೆಟ್‌ಗಾದರೆ 9 ವೋಲ್ಟ್ ಅಥವಾ ಹೆಚ್ಚಿನದನ್ನು ಕೊಡುತ್ತಾ ಅಂತ ನೋಡುತ್ತೀನಿ. 2025ರಲ್ಲಿ ಹೆಸರಾಂತ ತಯಾರಕರೇ ಲಕ್ಷಗಟ್ಟಲೆ ಪವರ್ ಬ್ಯಾಂಕ್‌ಗಳನ್ನು ವಾಪಸ್ ಕರೆಸಿಕೊಂಡರು, ಹಾಗಾಗಿ ಮಾಡೆಲ್ ನಂಬರ್ ಆ ಪಟ್ಟಿಯಲ್ಲಿದೆಯಾ ಅಂತಲೂ ಹುಡುಕುತ್ತೀನಿ. ಉಬ್ಬಿದ್ದು, ಬಿದ್ದು ಜಜ್ಜಿದ್ದು, ಸುಮ್ಮನಿದ್ದಾಗಲೂ ಬಿಸಿಯಾಗೋದು ಇದ್ದರೆ ಕಸದ ಬುಟ್ಟಿಗೆ ಹಾಕದೆ ಬ್ಯಾಟರಿ ಸಂಗ್ರಹಿಸುವ ಕಡೆ ಕೊಡುತ್ತೀನಿ. ಬಿಸಿಲಿಗಂತೂ ಇಡಬೇಡಿ. ಶೆಲ್ಲಿಗೆ ಮಾಡಿದ ಉಪಚಾರ ಲಿಥಿಯಂಗೆ ಆಗಿಬರೋದಿಲ್ಲ.

ಅಮ್ಮ ವಾಪಸ್ ಹೊರಟಾಗ ಅವಳ ಕೈಗೆ ಕೊಟ್ಟದ್ದು 10,000 ಎಂಎಎಚ್ ಪವರ್ ಬ್ಯಾಂಕ್. ಅವಳ ಫೋನಿಗೆ ಒಂದೂವರೆ ಸಲಕ್ಕಂತೂ ಮೋಸವಿಲ್ಲ, ದಾರಿಗೆ ಅಷ್ಟು ಸಾಕು. "ಹಳೇದ್ರಲ್ಲಿ ಅರ್ಧ ಆಗೋಯ್ತಲ್ಲ" ಅಂತ ತಿರುಗಿಸಿ ನೋಡಿದಳು. ಒಳಗಿರೋದು ಹಳೇದಕ್ಕಿಂತ ಹೆಚ್ಚೇ ಅಂದೆ. ನೀರು, ಎತ್ತರ, ಗಗನಚುಕ್ಕಿ ಎಲ್ಲಾ ಹೇಳಿದೆ. "ಹಂಗಾದ್ರೆ ಬರೀ ನೀರ್ ಎಷ್ಟದೆ ಅಂತ ಬರ್ದು ಮಾರ್ತಾರೆ ಅನ್ನು" ಅಂದಳು. ಕೆಳಗೆ ಸಣ್ಣದಾಗಿ ಅಚ್ಚಾಗಿದ್ದ 37 ವ್ಯಾಟ್-ಅವರ್ ಅನ್ನೋದನ್ನು ತೋರಿಸಿದೆ. ನನ್ನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿಗೆ ಹಾಕಿದೆ, ಇನ್ನೊಂದು ಚೀಟಿ ಪಾಸ್‌ಪೋರ್ಟ್ ಕವರಿಗೆ.

ಮಾರನೇ ದಿನ ಮಳವಳ್ಳಿಯಿಂದ ಫೋನ್ ಬಂತು. ಅದೇ ನಿಲ್ದಾಣದಲ್ಲಿ ಮತ್ತೆ ಅದನ್ನು ಎತ್ತಿಕೊಂಡು ಕೇಳಿದರಂತೆ. "ಥರ್ಟಿ ಸೆವೆನ್ ಅಂದೆ ಕಣ್ ಮಗ. ತಿರುಗ್ಸಿ ನೋಡಿ, ವಾಪಸ್ ಕೊಟ್ರು."